ಓಗೊಡುವ ತಂತಿ

ನವನಗರ, ಹುಬ್ಬಳ್ಳಿ
12 ಏಪ್ರಿಲ್ 2025, ಶನಿವಾರ

ಪ್ರೀತಿಯ ಸಂಪದಾ,

ನೀನೂ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಸಾಂಗ್ಲಿಯಿಂದ ಕಳಿಸಿದ ಎಳ್ಳು ಬಂತು. ಅದರ ಹಿಂದೆ ನಿನ್ನ ಫೋನುಗಳೂ ಬಂದವು. ಒಂದಕ್ಕೂ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಸಿಟ್ಟಾಗಿದ್ದರೆ ನಿನ್ನ ಸಿಟ್ಟು ನ್ಯಾಯದ್ದೇ. ಫೋನಿನಲ್ಲಿ ಯಾಕೆ ಹಾಂ ಹೂಂ ಎನ್ನುತ್ತೀ ಅಂತ ಕೇಳಿದ್ದೆಯಲ್ಲ, ನಮ್ಮ ಮನೆಯಲ್ಲಿ ಈಗ ಪಿಸುಮಾತು ಕೂಡ ಎಲ್ಲ ಕೋಣೆಗಳಿಗೂ ಕೇಳಿಸುತ್ತದೆ. ಮನೆ ಅಷ್ಟು ಖಾಲಿಯಾಗಿದೆ. ಮೇಜೂ ಹೋಗಿದೆ. ಅಡುಗೆಮನೆಯ ನೆಲದ ಮೇಲೆ ಕೂತು, ರೊಟ್ಟಿ ಬಡಿಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಸೃಷ್ಟಿಯ ಕಾಯಿಲೆ ನಿನಗೆ ಗೊತ್ತಿರುವುದಕ್ಕಿಂತ ಮುಂದೆ ಹೋಗಿದೆ. ಚರ್ಚಿನ ಸುಗ್ಗಿ ಹಬ್ಬದ ದಿನ ಕುಂಬಳಕಾಯಿ ಹೊತ್ತು ನಡೆದ ನನ್ನ ಮಗಳು, ಕ್ರಿಸ್‌ಮಸ್ಸಿಗೆ ಚಹಾದ ಕಪ್ಪು ಕೈಬಿಟ್ಟಳು. ಈಗ ಕಾಲುಗಳು ಪೂರ್ತಿ ಸೋತಿವೆ, ಬೆರಳುಗಳು ಪೆನ್ನು ಹಿಡಿಯುವುದಿಲ್ಲ. ಡಾಕ್ಟರು ಒಂದು ಉದ್ದ ಹೆಸರು ಹೇಳಿದರು. ಯಾಕೆ ಬಂತು ಎಂದು ನಾನು ಕೇಳಿದೆ.

“ಇದಕ್ಕ ಕಾರಣ ಅಂತ ಹೇಳಾಕ ಬರೂದಿಲ್ರಿ. ಯಾರಿಗೂ ಬರಬಹುದು. ನೀವೇನೂ ತಪ್ಪು ಮಾಡಿಲ್ಲ.”

ಸಮಾಧಾನಕ್ಕೆಂದೇ ಹಾಗೆ ಹೇಳಿದರು. ವಾಪಸು ಬರುವಾಗ ಉಣಕಲ್ ದಾಟಿದ ಮೇಲೆ ಜಯಶೀಲ, “ತಪ್ಪು ಮಾಡಿದ್ದರ ಛಲೋ ಇತ್ತು. ತಿದ್ದಿಕೋಬಹುದಿತ್ತು” ಅಂದ. ನನ್ನ ಗಂಡ ಅಷ್ಟು ಖರೆ ಮಾತು ಆಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಅತ್ತೆ ಮಾರ್ಥವ್ವ ಗೋಪನಕೊಪ್ಪದ ಪ್ರಾರ್ಥನಾ ಕೂಟದವರನ್ನು ಕರೆತಂದದ್ದು ಆ ವಾರವೇ. ಅವರನ್ನು ಕೆಟ್ಟವರೆಂದು ತಿಳಿಯಬೇಡ. ನಮಗೆ ಅಡುಗೆಯ ಧ್ಯಾನವಿಲ್ಲದ ದಿನಗಳಲ್ಲಿ ರೊಟ್ಟಿ, ಪಲ್ಯ ತಂದವರು ಅವರೇ. ಕೂಟ ನಡೆಸುವ ಬ್ರದರ್ ಸೈಲಸ್ ಸೃಷ್ಟಿಯ ಪಾದಕ್ಕೆ ಎಣ್ಣೆ ಹಚ್ಚುತ್ತ ಅತ್ತುಬಿಟ್ಟರು. ಆಮೇಲೆ ಎದ್ದು, ಅಂಗೈ ಮುಂದೆ ಚಾಚಿಕೊಂಡು ಕೋಣೆ ಕೋಣೆ ತಿರುಗಿದರು. ಪಡಸಾಲೆಯಲ್ಲಿ ನಿಂತರು.

“ಇಲ್ಲೆ ಕೈ ತಣ್ಣಗಾಗತೈತ್ರಿ, ಸಿಸ್ಟರ್. ಏನೋ ಹಿಡಕೊಂಡು ಕುಂತೈತಿ.”

ಅಲ್ಲಿದ್ದದ್ದು ಜಯಶೀಲನ ಆಫೀಸಿನವರು ಕೊಟ್ಟ ನವಿಲಿನ ಹಿತ್ತಾಳೆ ದೀಪ. ಅದನ್ನು ಹೊರಗೆ ಹಾಕಿದೆವು. ಮಾರನೇ ದಿನ ಸೃಷ್ಟಿ ಚಮಚ ಎತ್ತಿ ತಾನೇ ಉಂಡಳು, ಸಂಪದಾ. ನಾನು ನೋಡಿದೆ. ಈ ಕಾಯಿಲೆ ಹೀಗೆಯೇ ಒಂದು ದಿನ ಸಡಿಲ ಬಿಟ್ಟು ಒಂದು ದಿನ ಹಿಡಿಯುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಔಷಧಿ ನಿಲ್ಲಿಸಲು ನಾನು ಬಿಟ್ಟಿರಲಿಲ್ಲ. ಆದರೆ ಚಮಚ ಎತ್ತಿದ ಕೈಯನ್ನು ಕಂಡ ಮೇಲೆ ದೀಪವನ್ನು ಒಳಗೆ ತರಲು ಯಾವ ತಾಯಿಗೆ ಧೈರ್ಯ ಬರುತ್ತದೆ?

ಆಮೇಲೆ ಗೋಡೆ ಗಡಿಯಾರ ಹೋಯಿತು. ಮಾವನವರ ಬೆತ್ತದ ಕುರ್ಚಿ, ಪರದೆಗಳು, ಶೋಕೇಸಿನ ಗೊಂಬೆಗಳು ಹೋದವು. ನನ್ನ ಕವಿತೆಯ ಪುಸ್ತಕಗಳ ಮುಂದೆ ಬ್ರದರ್ ಬಹಳ ಹೊತ್ತು ನಿಂತರು.

“ಇದರಾಗ ದೇವರ ಹೆಸರು ಐತೇನ್ರಿ?”

“ಭಾಳ ಕಡೆ ಐತ್ರಿ. ಎಲ್ಲಾ ಬ್ಯಾರೆ ಬ್ಯಾರೆ ದೇವ್ರು” ಅಂದೆ. ಅವರಿಗೂ ನಗು ಬಂತು. ನಗುತ್ತಲೇ ಚೀಲಗಳನ್ನು ತಾವೇ ಹೆಗಲ ಮೇಲೆ ಹೊತ್ತು ಹಿತ್ತಲಿನ ತಗಡಿನ ಶೆಡ್ಡಿಗೆ ಹಾಕಿದರು. ಪಕ್ಕದ ಮನೆಯ ಅಲ್ಫಿಯಾ ಕಂಪೌಂಡಿನ ಮೇಲಿಂದ ಕೇಳಿದಳು, “ಅಕ್ಕಾ, ಮನಿ ಬಿಡಾಕತ್ತೀರೇನು? ನಮಗೊಂದು ಮಾತು ಹೇಳಬಾರದಾ?”

“ನಾವಲ್ಲವ್ವಾ, ಸೈತಾನ ಬಿಡಾಕತ್ತಾನ” ಎಂದು ಅತ್ತೆ ಉತ್ತರಿಸಿದರು.

ಪ್ರತಿ ಸಲವೂ ಸೃಷ್ಟಿ ಒಂದಿಷ್ಟು ಚೇತರಿಸಿಕೊಳ್ಳುತ್ತಿದ್ದಳು, ಆಮೇಲೆ ಮೊದಲಿಗಿಂತ ಕೆಳಗೆ ಇಳಿಯುತ್ತಿದ್ದಳು. ಒಂದು ಬೆಳಿಗ್ಗೆ ನಾನು ಬಚ್ಚಲಿನ ಕನ್ನಡಿಯನ್ನು ತೆಗೆದು ಹೊರಗಿಟ್ಟೆ. ಯಾರೂ ಹೇಳಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಕಾಯುತ್ತಿರುವ ಹಾಗೆ ನನಗೆ ಕಂಡಿತ್ತು. ಮರುದಿನ ಗೇಟಿನಲ್ಲಿ ಯಾರೋ ನಿಂತು “ಈ ಮನಿ ಬಾಡಿಗಿಗೆ ಐತೇನ್ರಿ?” ಎಂದು ಅಲ್ಫಿಯಾಳನ್ನು ಕೇಳುತ್ತಿದ್ದರು. ನಾನು ಕಿಟಕಿಯಲ್ಲೇ ನಿಂತಿದ್ದೆ. ಅವರು ನನ್ನ ಕಡೆಗೇ ನೋಡುತ್ತಿದ್ದರು. ನಾನು ಅವರಿಗೆ ಕಂಡಿರಲಿಲ್ಲ.

ಕೊನೆಗೆ ಉಳಿದದ್ದು ಸೃಷ್ಟಿಯ ಮಂಚ ಮತ್ತು ನಿಮ್ಮ ತಂಬೂರಿ.

ಧಾರವಾಡದ ಮನೆ ಬಿಡುವಾಗ ನೀನು ಅದನ್ನು ಕೊಟ್ಟದ್ದು ಸೃಷ್ಟಿಗೆ. ನಿಮ್ಮವ್ವ ಅಂಬಾಬಾಯಿಯವರು ಕೊನೆಯ ಶಿಷ್ಯೆ ಎಂದು ಅವಳಿಗೆ ಕಲಿಸಿದ್ದು, ತಮ್ಮದೂ ನಿನ್ನದೂ ಅವಳದೂ ಒಂದೇ ಸ್ವರ ಎಂದು ಹಿಗ್ಗಿದ್ದು ನಿನಗೆ ನೆನಪಿರಬೇಕು. ಹಾಡಲು ಉಸಿರು ಸಾಲದಿದ್ದರೂ ಅವಳು ದಿನವೂ ಅಪ್ಪನಿಂದ ಅದರ ಬಿರಡೆ ತಿರುವಿಸಿ ಶ್ರುತಿ ಮಾಡಿಸುತ್ತಿದ್ದಳು. ತಂಬೂರಿ ಅವಳ ಮಂಚದ ಎದುರಿನ ಮೂಲೆಯಲ್ಲಿ ಬಟ್ಟೆಯ ಗವಸಣಿಗೆ ಇಲ್ಲದೆ ನಿಂತಿರುತ್ತಿತ್ತು.

ಹೋದ ರವಿವಾರ ಮಧ್ಯಾಹ್ನ ಕೂಟದವರು ಆ ಕೋಣೆಯಲ್ಲಿ ಕೀರ್ತನೆ ಹಾಡಿದರು. ಸೃಷ್ಟಿಯೂ ಮಲಗಿದಲ್ಲೇ ಸಣ್ಣಗೆ ದನಿ ಕೂಡಿಸಿದಳು. ಹಾಡು ನಿಂತಿತು. ಮೂಲೆಯಲ್ಲಿ ಅದು ನಿಲ್ಲಲಿಲ್ಲ. ಯಾರೂ ಮುಟ್ಟದ ತಂತಿ, ದೂರದಲ್ಲಿ ಜೇನು ಎದ್ದಂತೆ, ಗುಂಯ್ ಎನ್ನುತ್ತಲೇ ಇತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಇದು ಯಾರದು?” ಬ್ರದರ್ ಕೇಳಿದರು.

“ನಮ್ಮ ಸಂಪದಾನ ತಾಯೀದು. ತೀರಿಕೊಂಡಾರ” ಎಂದೆ.

ಸ್ವರ ಸರಿಯಾಗಿ ಹೊಂದಿದರೆ ತಂತಿ ತಾನೇ ಮಿಡಿಯುತ್ತದೆ, ಧಾರವಾಡದಲ್ಲಿ ಸಣ್ಣ ಹುಡುಗರಿಗೂ ಇದು ಗೊತ್ತು, ಸಾಮಾನು ತುಂಬಿದ್ದಾಗ ಕೇಳುತ್ತಿರಲಿಲ್ಲ, ಕೋಣೆ ಬರಿದಾಗಿದ್ದಕ್ಕೆ ಕೇಳುತ್ತಿದೆ ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. “ಹಂಗಾದ್ರ ಯಾರ ದನಿಗೆ ಓಗೊಡತೈತಿ ನೋಡೂಣ್ರಿ” ಅಂದರು.

ಒಬ್ಬೊಬ್ಬರೇ ಹಾಡಿದರು. ಬ್ರದರ್ ಹಾಡಿದರು, ಅತ್ತೆ ಹಾಡಿದರು, ಜಯಶೀಲ ತಲೆ ತಗ್ಗಿಸಿಕೊಂಡು ಒಂದು ಸಾಲು ಹಾಡಿದ. ತಂಬೂರಿ ಸುಮ್ಮನಿತ್ತು. ಸೃಷ್ಟಿಯ ಸರದಿ ಬಂದಾಗ ಅವಳು ನನ್ನ ಮುಖ ನೋಡಿದಳು. ಹಾಡು ಎಂದು ನಾನೇ ಕಣ್ಣಲ್ಲಿ ಹೇಳಿದೆ, ಸ್ವರದ ಬಗ್ಗೆ ನಾನು ಹೇಳಿದ ಲೆಕ್ಕ ಸರಿ ಎಂದು ತೋರಿಸುವ ಆತುರದಲ್ಲಿ. ಅವಳು ಬಾಯಿ ತೆರೆದಳು, ಅದು ಓಗೊಟ್ಟಿತು.

ಬ್ರದರ್ ಬಹಳ ಮೆಲ್ಲಗೆ ಹೇಳಿದರು, “ಇದನ್ನ ಹೊರಗ ಹಾಕಬ್ಯಾಡ್ರಿ. ಇದು ಕೂಸಿಗೆ ಗಂಟು ಬಿದ್ದೈತಿ. ಇದು ಬಾಯಿ ಮುಚ್ಚೂತನಕ ಇಲ್ಲೇ ಪ್ರಾರ್ಥನಾ ಮಾಡೂಣ.”

ಮಾರನೇ ದಿನದಿಂದಲೇ ತಂಬೂರಿ ಸುಮ್ಮನಾಯಿತು. ಬುಧವಾರದವರೆಗೂ ಕೂಟದವರು ಎಷ್ಟು ಹಾಡಿದರೂ ಒಂದು ಎಳೆ ನಾದ ಹೊರಡಲಿಲ್ಲ. ಅತ್ತೆ ಚರ್ಚಿಗೆ ಹೋಗಿ ಸ್ತೋತ್ರಕಾಣಿಕೆ ಹಾಕಿ ಬಂದರು. ನಾಳೆ ಈಸ್ಟರ್ ಮುಂಚಿನ ಗರಿಗಳ ರವಿವಾರ, ದೇವರು ಮಾಡಿದ ಉಪಕಾರಕ್ಕೆ ಚರ್ಚಿನಲ್ಲಿ ಎಲ್ಲರೆದುರು ಸಾಕ್ಷಿ ಹೇಳಲಿದ್ದಾರೆ.

ನನ್ನ ನಂಬಿಕೆ ಹೋಗಿಲ್ಲ, ಸಂಪದಾ. ನಿನಗೆ ಆ ಚಿಂತೆ ಬೇಡ. ಆದರೆ ನಾವೆಲ್ಲ ಯಾತಕ್ಕೆ ಹೆದರುತ್ತೇವೆ ಎಂದು ಈಗ ತಿಳಿಯುತ್ತಿದೆ. ಸೈತಾನನಿಗಿಂತ ಹೆಚ್ಚು ನಾವು ಹೆದರುವುದು ಕಾರಣವೇ ಇಲ್ಲದ ನೋವಿಗೆ. ಕಾರಣವಿದ್ದರೆ ಅದನ್ನು ಎತ್ತಿ ಹಿತ್ತಲಿಗೆ ಹಾಕಬಹುದು. ಬರುವ ಶುಭ ಶುಕ್ರವಾರ ಶಿಲುಬೆಯ ಮುಂದೆ ಮೂರು ತಾಸು ಕೂರುತ್ತೇವೆ. ಅಲ್ಲಿಂದ ಒಬ್ಬ ಮಗ ‘ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂದು ಕೂಗಿ ಕೇಳಿದ್ದ. ಆಕಾಶ ಅವನಿಗೂ ಕಾರಣ ಹೇಳಲಿಲ್ಲ. ಅವನು ಕೇಳಿದ್ದು ತಪ್ಪೆಂದು ಮಾತ್ರ ಯಾರೂ ಹೇಳುವುದಿಲ್ಲ. ಆ ಒಂದು ಕೂಗನ್ನು ಹಿಡಿದುಕೊಂಡೇ ನಾನು ಈಗಲೂ ಮಂಡಿಯೂರುತ್ತೇನೆ.

ಈಸ್ಟರಿಗೆ ನೀನು ಬರಬೇಕು. ಕೂರಲು ಕುರ್ಚಿಯಿಲ್ಲ, ಚಾಪೆ ಹಾಸುತ್ತೇನೆ. ಸೃಷ್ಟಿ ನಿನ್ನನ್ನು ಕೇಳಿದಳು ಎಂದು ಇಲ್ಲಿ ಬರೆಯುವುದು ಪ್ರತಿ ಕಾಗದದ ರೂಢಿ. ಈ ಸಲ ಬರೆಯಲು ಆಗುತ್ತಿಲ್ಲ.

ನಿನ್ನ ಮನೆಯಲ್ಲಿ ಶಾಂತಿ ತುಂಬಿರಲಿ. ಮಕ್ಕಳ ತಲೆಯ ಮೇಲೆ ದೇವರ ಕೈ ಇರಲಿ.

ನಿನ್ನ
ಸುಗುಣಾ

ತಾಜಾಕಲಂ: ಮೇಲಿನದನ್ನು ಓದಿಕೊಂಡೆ. ತಂಬೂರಿ ಸುಮ್ಮನಾಯಿತು ಎಂದು ಬರೆದಿದ್ದೇನೆ. ಸುಮ್ಮನಾದವಳು ಸೃಷ್ಟಿ. ರವಿವಾರ ಎಲ್ಲರೂ ಹೋದ ಮೇಲೆ ಅವಳು ಕೇಳಿದಳು, “ಮಮ್ಮಿ, ಎಲ್ಲಾ ಹೊರಗ ಹಾಕಿದ್ರಿ. ಈಗ ಮನ್ಯಾಗ ಉಳದದ್ದು ನಾನ ಅಲ್ಲೇನು?” ನಾನು ಉತ್ತರ ಕೊಡುವ ಮೊದಲೇ, ಅವಳ ಮಾತಿಗೆ ಮೂಲೆಯಿಂದ ತಂತಿ ಗುಂಯ್ ಎಂದಿತು. ಅವಳು ಅದನ್ನೇ ಉತ್ತರವೆಂದು ತಿಳಿದಳು. ಅವತ್ತಿನಿಂದ ಒಂದು ಶಬ್ದ ಆಡಿಲ್ಲ. ನೀರು ಬೇಕಾದರೆ ಲೋಟದ ಕಡೆ ನೋಡುತ್ತಾಳೆ. ನಿದ್ದೆಯಲ್ಲಿ ನರಳಿಕೆ ಬಂದರೂ ತುಟಿ ಕಚ್ಚಿ ಹಿಡಿಯುತ್ತಾಳೆ. ಹೊರಗೆ ಎಲ್ಲರೂ ಅದಕ್ಕೇ ಸ್ತೋತ್ರ ಹೇಳುತ್ತಿದ್ದಾರೆ. ಅತ್ತೆಗೂ ಜಯಶೀಲನಿಗೂ ಹೇಳಿದೆ. ಸುಸ್ತಾಗಿರಬೇಕು ಅಂದರು.

ಸ್ವರ ಹೊಂದಿದರೆ ತಂಬೂರಿ ಯಾರ ದನಿಗಾದರೂ ಮಿಡಿಯುತ್ತದೆ ಎಂದು ತೋರಿಸಲು ನಾನೇ ಅವಳೆದುರು ಹಾಡಿದೆ. “ಸುಗುಣಾ ಬಂದ್ಳು, ತಂಬೂರಿಗೆ ಗವಸಣಿಗಿ ಹಾಕ್ರೆ” ಎಂದು ನಿಮ್ಮವ್ವ ಚೇಷ್ಟೆ ಮಾಡುತ್ತಿದ್ದರಲ್ಲ, ಅಂಥ ಕಂಠ ನನ್ನದು. ಅದು ಮಿಸುಕಲಿಲ್ಲ. ಸೃಷ್ಟಿ ಕಣ್ಣು ಮುಚ್ಚಿಕೊಂಡಳು.

ನೀನು ಬಾ. ಅವಳ ಮಂಚದ ಹತ್ತಿರ ಕೂತು ಒಮ್ಮೆ ಷಡ್ಜ ಹಿಡಿ. ಅವಳದೇ ಸ್ವರದ ನಿನ್ನ ದನಿಗೂ ಅದು ಓಗೊಡುವುದನ್ನು ಅವಳು ಕೇಳಲಿ. ಓಗೊಡದಿದ್ದರೆ ಎಂಬುದನ್ನು ನಾನು ಯೋಚಿಸಿಲ್ಲ.