ಅಪ್ಪನ ಬೆಲ್ಟು ಹಿಡಿದ ತುದಿ

ಪರಮಪೂಜ್ಯ ಪಲಾಯನವೀರ ಅಪ್ಪನಿಗೆ,

"ನಾಳೆ ಹಾಕ್ತೀನಿ" ಎಂದು ನೀನು ಮಂಚದಡಿ ತಳ್ಳಿಹೋದ ಬಟ್ಟೆಯ ಚಾವಣಿಯನ್ನು ಇಂದು ನಾನೇ ನಮ್ಮ ಮನೆಯಾಗಿರುವ ಟ್ರೇಲರ್‌ಗೆ ಹಾಕಿದೆ. ಅದರ ಬದಿಯಿಂದ ಹೊರಚಾಚುವ ಮಲಗುವ ಕೋಣೆಯ ಮೇಲೆ ಓರೆಗಾನ್‌ನ ಪೈನ್ ಎಲೆಗಳೆಲ್ಲ ಕೊಳೆತು, ಅಮ್ಮನ ದಿಂಬಿಗೆ ನೀರು ತೊಟ್ಟಿಕ್ಕುತ್ತಿತ್ತು. ನಿನಗದು ಗೊತ್ತಿತ್ತು.

ಚಾವಣಿಯ ಬಟ್ಟೆ ಸುತ್ತಿಕೊಳ್ಳುವ ಕೊಳವೆಯೊಳಗಿನ ಸ್ಪ್ರಿಂಗನ್ನು ಒಬ್ಬರು ತಿರುಗಿಸಿ ಬಿಗಿಮಾಡುವಾಗ, ಇನ್ನೊಬ್ಬರು ಕೊಳವೆಯ ಮತ್ತೊಂದು ತುದಿಯನ್ನು ಅಲುಗದಂತೆ ಹಿಡಿಯಬೇಕು. ಆ ಇನ್ನೊಬ್ಬರ ಸ್ಥಾನದಲ್ಲಿ ನೀನು ಬಿಟ್ಟುಹೋದ ಬೆಲ್ಟನ್ನು ಬಿಗಿದೆ.

"ಹುಷಾರು ಕಣೋ ಡಾರಿಲ್, ಅದೂ ನಿಮ್ಮಪ್ಪನ ಹಾಗೆ ಕೈಕೊಟ್ಟೀತು!" ಎಂದು ಅಮ್ಮ ಏಣಿಯ ಕೆಳಗಿನಿಂದ ಕೂಗಿದಳು.

"ಬೆಲ್ಟು ಅವನಿಗಿಂತ ಗಟ್ಟಿ ಬಿಡಮ್ಮ!"

ಸಂಜೆ ಮಳೆ ಬಂತು. ದಿಂಬು ನೆನೆಯಲಿಲ್ಲ. ಬಿಚ್ಚಿದ ಬೆಲ್ಟನ್ನು ಸಕಲ ಮರ್ಯಾದೆಯೊಂದಿಗೆ ಕಸದ ಡಬ್ಬಿಗೆ ಎಸೆದೆ. ಅಮ್ಮ ಅದನ್ನು ಹೆಕ್ಕಿ, ಒರೆಸಿ, ನೀನು ಅದನ್ನು ತೂಗುಹಾಕುತ್ತಿದ್ದ ಮೊಳೆಗೇ ಮತ್ತೆ ನೇತುಹಾಕಿದಳು.

ಮೈಯೆಲ್ಲ ಉರಿದುಹೋಯಿತು. ಆದರೂ ನಾನದನ್ನು ತೆಗೆಯಲಿಲ್ಲ.