ಪಾಚಿಗೆ ಸಿಕ್ಕ ಊಟ

ಮೇ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮಿಸು. ಕೆಲಸದ ನೆಪ ಹೇಳಬಹುದಿತ್ತು. ನಿನ್ನ ದನಿ ಕೇಳುವ ಧೈರ್ಯವಿರಲಿಲ್ಲ ಎನ್ನುವುದೇ ನಿಜ. ಮಂಡಿನೋವು ಹೇಗಿದೆ? ಪುಟ್ಟಿಯ ಕೆಮ್ಮು ಬಿಟ್ಟಿತೇ?

ನಮ್ಮಲ್ಲಿ ನಲ್ಲಿ ನೀರು ನಾರುತ್ತಿದ್ದುದು ನಿನಗೆ ಗೊತ್ತು. ಆ ನೀರು ಬರುವ ಕೆರೆ ತುಂಬ ಪಾಚಿ. ಬಿಸಿಲು ಜಾಸ್ತಿಯಾಗಿದೆ ಎಂದು ಹೇಳಿ ನಮ್ಮ ಸಾಹೇಬರು ಕೈತೊಳೆದುಕೊಂಡರು. ನೀರು ಪರೀಕ್ಷಿಸಿ ಸಂಬಳ ತಿನ್ನುವವಳು ನಾನು, ಸುಮ್ಮನಿರಲಾಗಲಿಲ್ಲ. ಬಿಸಿಲೇ ಕಾರಣವಾದರೆ ಮರದ ನೆರಳಿರುವ ಕಾಲುವೆಯ ಬಾಯಲ್ಲೇ ಪಾಚಿ ಏಕೆ ಅಷ್ಟು ದಟ್ಟ? ಆ ಕಾಲುವೆ ಬರುವುದು ಭಾವ ಕೆಲಸಕ್ಕಿದ್ದ ಸ್ಟಾರ್ಚ್ ಕಾರ್ಖಾನೆಯ ಹಿಂದಿನಿಂದ.

ಹೋದ ತಿಂಗಳು ನಿಮ್ಮಲ್ಲಿಗೆ ಬಂದಾಗ ಕಾರ್ಖಾನೆ ನೋಡಿಬಂದೆನಲ್ಲ, ಆಗ ಅಲ್ಲಿ ಹಿಟ್ಟು ತೊಳೆದು ಕಾಲುವೆಗೆ ಬಿಡುವ ನೀರನ್ನು ಬಾಟಲಿಯಲ್ಲಿ ತಂದೆ. ನೋಡಲು ತಿಳಿನೀರೇ. ಕೆರೆಯ ಪಾಚಿಯನ್ನು ಜಾಡಿಗಳಲ್ಲಿ ಬೆಳೆಸಿದೆ. ಬರೀ ಬೆಳಕಿಗಿಟ್ಟದ್ದು ನಿಧಾನಕ್ಕೆ ಹಸಿರಾಯಿತು. ಕಾರ್ಖಾನೆಯ ನೀರು ಬೆರೆಸಿ ಕತ್ತಲಲ್ಲಿಟ್ಟದ್ದು ಅಷ್ಟಕ್ಕಷ್ಟೆ. ಆ ನೀರೂ ಸಿಕ್ಕಿ, ಮಂದ ಬೆಳಕೂ ಬಿದ್ದ ಜಾಡಿ ಮಾತ್ರ ಬಣ್ಣ ಕಲಸಿದ ಹಾಗೆ ಗಟ್ಟಿಯಾಯಿತು. ಕೆಲವು ಪಾಚಿಗಳು ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಲ್ಲದೆ ಇಂಥ ನೀರಲ್ಲಿ ಕರಗಿದ ಸಕ್ಕರೆ, ಹುಳಿಯನ್ನೂ ಉಣ್ಣುತ್ತವೆ ಅಕ್ಕ. ಎರಡೂ ಸಿಕ್ಕರೆ ಕೇಳಬೇಕೇ, ಬಾಚಿ ಬಾಚಿ ತಿನ್ನುತ್ತವೆ.

ವರದಿ ಬರೆದೆ. ಅದು ಕಚೇರಿಯ ಹೆಸರಿನಲ್ಲಿ ಹೋಯಿತು, ಕಾಲುವೆ ಮುಚ್ಚಿಸಿದರು. ಈಗ ನಲ್ಲಿಯ ವಾಸನೆ ಕಡಿಮೆಯಾಗುತ್ತಿದೆ, ಸಾಹೇಬರು ಬೆನ್ನು ತಟ್ಟಿದರು. ಅದೇ ವಾರ ಭಾವನ ಕೆಲಸ ಹೋಯಿತು. "ಯಾವನೋ ನಮ್ಮ ಅನ್ನಕ್ಕೆ ಕಲ್ಲು ಹಾಕ್ದ" ಎಂದು ನೀನು ಅತ್ತದ್ದನ್ನು ಅಮ್ಮ ಹೇಳಿದಳು. ಯಾವನೋ ಅಲ್ಲ ಅಕ್ಕ, ನಾನೇ. ಬರೆಯಬಾರದಿತ್ತು ಎನ್ನಲಾರೆ, ಆ ನೀರನ್ನು ಊರಿನ ಮಕ್ಕಳೆಲ್ಲ ಕುಡಿಯುತ್ತಿದ್ದರು. ಆದರೆ ಬರೆಯುವ ಮೊದಲು ನಿಮ್ಮಿಬ್ಬರ ಮುಂದೆ ಕೂತು ಹೇಳಬೇಕಿತ್ತು.

ಎಷ್ಟು ಬೈದರೂ ಬೈ, ಮಾತು ಬಿಡಬೇಡ. ಪುಟ್ಟಿಗೆ ನನ್ನ ಆಶೀರ್ವಾದ, ನೂರು ಕಾಲ ಸುಖವಾಗಿ ಬಾಳಲಿ.

ಇಂತಿ,
ನಿನ್ನ ತಂಗಿ

ವಿ.ಸೂ.: ಬಾಟಲಿ ತುಂಬಿಸಿಕೊಟ್ಟದ್ದು ಭಾವನೇ. ಇದು ಆಫೀಸಿಗೋ ಎಂದು ಕೇಳಿದ್ದರು. "ಇಲ್ಲ ಭಾವ, ಸುಮ್ನೆ" ಎಂದುಬಿಟ್ಟೆ. ನೀರು ಯಾರಿಗೆ ಕೊಟ್ಟೆ ಎಂದು ಮಾಲೀಕರು ಎಷ್ಟು ಕೇಳಿದರೂ ಅವರು ಬಾಯಿ ಬಿಡಲಿಲ್ಲ. ಕೆಲಸ ಹೋದದ್ದು ಅದಕ್ಕೇ. ಮೊನ್ನೆ ಅವರೇ ಫೋನ್ ಮಾಡಿ, "ನಿನ್ನ ಹೆಸರು ಎಲ್ಲೂ ಬಂದಿಲ್ಲ. ಅಕ್ಕಂಗೂ ಹೇಳ್ಬೇಡ, ಅವಳಿಗೆ ಇರೋಳು ನೀನೊಬ್ಬಳೇ ತಂಗಿ" ಎಂದರು.