ತಾತ ಒರೆಸಿಕೊಟ್ಟ ಮೀನು

ಪ್ರಯೋಗಾಲಯದ ಹಿಂದಿನ ಮೆಟ್ಟಿಲು,
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ, ಇಲ್ಲಾ ಇನ್ನೊಬ್ಬರ ದೋಣಿಯಲ್ಲಿ ನೋವು ಎನ್ನಲೂ ಪುರುಸೊತ್ತಿಲ್ಲವೇ? ನಾನು ಚೆನ್ನಾಗಿದ್ದೇನೆ. ತಾತ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಾರೆ. ಯಾಕೆಂದು ಹೇಳುತ್ತೇನೆ, ನಗಬೇಡ.

ಕೊಲ್ಲಿಯಲ್ಲಿ ಡೀಸೆಲ್ ಹಡಗು ಸೋರಿ ಮೀನುಗಾರಿಕೆ ನಿಂತ ಮೇಲೆ ನೀನು ದುಡಿಯಲು ಬೇರೆ ಬಂದರಿಗೆ ಹೊರಟುಹೋದೆ. ಕೊಲ್ಲಿ ತೆರೆಯಬಹುದೇ ಎಂದು ನಮ್ಮ ಪ್ರಯೋಗಾಲಯ ಮಾಡುವ ಈ ಪರೀಕ್ಷೆಯಲ್ಲೂ ಮೀನು ಕೆಟ್ಟಿದೆ ಎಂದಾದರೆ ನಮ್ಮ ದೋಣಿ ಮಾರಿಬಿಡುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ಊಟ ಸೇರಿಲ್ಲ. ಪರೀಕ್ಷೆಗೆಂದು ತಾತನೇ ಹೋಗಿ ಮೀನು ಹಿಡಿದು ತಂದರು. ಚರ್ಮದ ಸಮೇತ ಅರೆದು, ಸಾರ ತೆಗೆದು ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಗೆರೆಗಳೆದ್ದವು. ಡೀಸೆಲ್! ಬೇರೆ ದೋಣಿಗಳ ಮೀನೆಲ್ಲ ಪಾಸು, ನಮ್ಮದೊಂದೇ ಫೇಲು.

ನಮ್ಮ ಹಿರಿಯ ರಸಾಯನತಜ್ಞೆ, ಸುಮ್ಮಸುಮ್ಮನೆ ಯಾರಿಗೂ ಸೊಪ್ಪು ಹಾಕದ ಹೆಂಗಸು, ಕನ್ನಡಕ ಏರಿಸಿ ನೋಡಿದರು. "ಇದು ಹಡಗಿನ ಡೀಸೆಲ್ ಅಲ್ಲ ಕಣೇ. ಇಷ್ಟು ತಿಂಗಳಲ್ಲಿ ಅದರ ಹಗುರದ ಭಾಗ ಆರಿಹೋಗಿರ್ಬೇಕಿತ್ತು. ಇದು ನಿನ್ನೆ ಮೊನ್ನೆ ಟ್ಯಾಂಕಿಂದ ಬಂದಿದ್ದು" ಎಂದರು. ಎಣ್ಣೆಯ ವಯಸ್ಸನ್ನೂ ಹೇಳುವ ಯಂತ್ರ, ಅಣ್ಣಾ! ತಾತ ಕೊಟ್ಟದ್ದರಲ್ಲಿ ಉಳಿದ ಮೀನುಗಳ ಚರ್ಮ, ಮಾಂಸ ಬೇರೆ ಮಾಡಿ ನೋಡಿದೆವು. ಡೀಸೆಲ್ ಇದ್ದದ್ದು ಚರ್ಮದ ಮೇಲಷ್ಟೇ. ಮನೆಗೆ ಓಡಿ ಕೇಳಿದರೆ ತಾತ, "ಮೊಮ್ಮಗಳ ಆಫೀಸಿಗೆ ಹೋಗೋ ಮೀನು ಅಂತ ಒಂದೊಂದನ್ನೂ ಚೆನ್ನಾಗಿ ಒರೆಸಿ ಕೊಟ್ಟೆ" ಎಂದು ಹೆಮ್ಮೆಯಿಂದ ಬಟ್ಟೆ ತೋರಿಸಿದರು. ಇಂಜಿನ್ ಒರೆಸುವ ಬಟ್ಟೆ! ಅಯ್ಯೋ, ತಲೆ ಚಚ್ಚಿಕೊಳ್ಳಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ನನ್ನನ್ನು ಮೂಕಳನ್ನಾಗಿಸಿದ್ದು ಬೇರೆಯೇ. (ಬಾಯಿಬಡುಕಿಯೂ ಮೂಕಳಾಗುತ್ತಾಳೆ, ನಂಬು.) ಎಣ್ಣೆ ಒಳಗೆ ಹೋದರೆ ಮೀನಿನ ಯಕೃತ್ತು ಅದನ್ನು ಒಡೆದು ಪಿತ್ತದ ಜೊತೆ ಹೊರಹಾಕುತ್ತದೆ. ನಾವು ದಡದಲ್ಲಿ ಕೂತು ಗೋಳಾಡುತ್ತಿದ್ದಾಗ ಮೀನು ಸದ್ದಿಲ್ಲದೆ ತನ್ನನ್ನು ತಾನು ತೊಳೆದುಕೊಳ್ಳುತ್ತಿತ್ತು. ಸೀಸ, ಪಾದರಸ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಅವಕ್ಕೆ ಇನ್ನೊಂದು ಯಂತ್ರವಿದೆ: ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸೂರ್ಯನ ಮೈಗಿಂತ ಬಿಸಿಯಾದ ಜ್ವಾಲೆಗೆ ಹಾಯಿಸುತ್ತೇವೆ. ಗಾಜಿನ ಕಿಂಡಿಯಲ್ಲಿ ಆ ಬೆಳಕು ಕಂಡಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಹುಟ್ಟಿದಾಗಿನಿಂದ ತಿಂದ ಮೀನನ್ನು ಈಗಷ್ಟೇ ನೋಡಿದೆ ಅನಿಸುತ್ತದೆ.

ಹೊಸ ಮೀನಿನ ಪರೀಕ್ಷೆ ಒಳಗೆ ನಡೆಯುತ್ತಿದೆ. ಈ ಸಲ ಬಲೆಯಿಂದ ಮೀನು ಬಿಡಿಸಿದ್ದು ನಾನೇ; ತಾತ ಮುಟ್ಟಲೇ ಇಲ್ಲ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು.

ತಾತನ ಆಶೀರ್ವಾದ, ನನ್ನದು ಬಾಕಿ ಉಳಿದ ಜಗಳ,
ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಒಳಗಿಂದ ಓಡಿ ಬಂದು ನಿಂತೇ ಗೀಚುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಗೆರೆ ಚಪ್ಪಟೆ, ಅಣ್ಣಾ! ಡೀಸೆಲ್ ಇಲ್ಲ, ಲೋಹಗಳೂ ಮಿತಿಯೊಳಗೆ. ಶನಿವಾರ ಕೊಲ್ಲಿ ತೆರೆಯುತ್ತಾರೆ. ದೋಣಿ ಮಾರಬೇಡ, ನನ್ನಾಣೆ. ತಾತನಿಗೆ ಮೀನು ಮುಟ್ಟಲು ಇನ್ನೂ ಹೆದರಿಕೆ. ನೀನೇ ಬಂದು ಮೊದಲ ಮೀನನ್ನು ಅವರ ಕೈಗೆ ಕೊಡು.